ಅಕ್ಕ ವ್ಯಾನಿನಲ್ಲಿ, ತಮ್ಮ ನಡೆದುಕೊಂಡು: ಒಂದೇ ಮನೆಯಿಂದ ಎರಡು ಸ್ಕೂಲು

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ರೇಷ್ಮೆ ಹುಳು ಸಾಕಣೆ. ಮಗಳು ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ ಪೇಟೆಯ ಕಾನ್ವೆಂಟಿನಲ್ಲಿ ಓದಿದಳು. ಮಗ ಒಂದರಿಂದ ಐದರವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದ. ಬೇಕೂಂತ ಮಾಡಿದ ಪ್ರಯೋಗ ಅಲ್ಲ ಇದು. ಕೊರೊನಾ ಹೊತ್ತಿನಲ್ಲಿ ಗೂಡಿನ ರೇಟು ಬಿದ್ದಿತ್ತು, ಎರಡನೇ ಫೀಸಿಗೆ ಕೈಯಲ್ಲಿ ಕಾಸಿರಲಿಲ್ಲ, ಅಷ್ಟೇ. "ಹುಡುಗನನ್ನು ಕಾನ್ವೆಂಟಿಗೆ, ಹುಡುಗಿಯನ್ನು ಸರ್ಕಾರಿಗೆ ಹಾಕೋದು ನೋಡಿದ್ದೀವಿ, ನಿಂದು ಉಲ್ಟಾ ಅಲ್ವಾ" ಅಂತ ಊರಲ್ಲಿ ನಕ್ಕರು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಮಗಳ ಕೊನೆಯ ವರ್ಷದ ಫೀಸ್ 32,000 ರೂಪಾಯಿ. ವ್ಯಾನಿಗೆ ತಿಂಗಳಿಗೆ 1,200. ಪುಸ್ತಕ, ಎರಡು ಥರದ ಯೂನಿಫಾರಂ, ಟೈ, ಬೆಲ್ಟು ಬೇರೆ. ಮಗನಿಗೆ ಪುಸ್ತಕ, ಬಟ್ಟೆ, ಶೂ ಎಲ್ಲ ಸರ್ಕಾರದ್ದು. ಬಟ್ಟೆ ಒಂದು ವರ್ಷ ದಸರಾ ಹತ್ತಿರ ಬಂದಾಗ ಕೈಗೆ ಸಿಕ್ಕಿತು, ಅದು ಬೇರೆ ಮಾತು.

ಊಟದಲ್ಲಿ ಸರ್ಕಾರಿ ಶಾಲೆ ಸಲೀಸಾಗಿ ಗೆದ್ದಿತು. ಕ್ಷೀರಭಾಗ್ಯ 2013ರಿಂದ ಇದೆ, ಒಂದೊಂದು ಮಗುವಿಗೆ 150 ಮಿ.ಲೀ. ಬಿಸಿ ಹಾಲು. ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಗಳ ಡಬ್ಬಿಗೆ ಬೆಳಿಗ್ಗೆ ಏಳಕ್ಕೆ ತುಂಬಿದ ಚಿತ್ರಾನ್ನ ಸಂಜೆ ಅರ್ಧ ಹಾಗೇ ವಾಪಸು ಬರುತ್ತಿತ್ತು. ಮಗ ಮನೆಗೆ ಬಂದು, ಅಡುಗೆ ಆಯಾ ಮಾಡುವ ಸಾಂಬಾರ್ ನಿನ್ನದಕ್ಕಿಂತ ಚೆನ್ನಾಗಿದೆ ಅಂತ ಅವರಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದ.

ಇನ್ನು ಇಂಗ್ಲಿಷು. ಎಲ್ಲರೂ ಕಾನ್ವೆಂಟಿಗೆ ಹಾಕುವುದು ಅದಕ್ಕೇ, ನಾವೂ ಅದಕ್ಕೇ ಹಾಕಿದ್ದು. ಮಗಳ ನಾಲಿಗೆ ಹೊರಳಿತು, ಸುಳ್ಳು ಹೇಳಬಾರದು. ಯಾರ ಎದುರೂ ನಿಂತು ಹೆಸರು, ಊರು, ಇಷ್ಟದ ಆಟ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಮಗ ಇವತ್ತಿಗೂ ಗೋಡೆ ಹಿಂದೆ ಅವಿತುಕೊಳ್ಳುತ್ತಾನೆ. ಸರ್ಕಾರಿ ಶಾಲೆಯಲ್ಲೂ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ, ಆದರೆ ಅದು ಒಂದು ವಿಷಯ ಮಾತ್ರ. ಇನ್ನೊಂದು ಮಗ್ಗುಲೂ ಇದೆ. ನಮ್ಮ ಮನೆಮಾತು ತೆಲುಗು. ಮಗಳಿಗೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಇಂಗ್ಲಿಷ್ ಆಗಿ, ನಡುವೆ ಕನ್ನಡ ಸೊರಗಿತು. ಬಸ್ಸಿನ ಬೋರ್ಡು ಓದಲು ತಮ್ಮನನ್ನು ಕೇಳುತ್ತಿದ್ದಳು.

ನಾನೊಂದು ಪರೀಕ್ಷೆ ಮಾಡಿದ್ದೆ. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, 46 ಕೆಜಿ ಗೂಡು, ಕೆಜಿಗೆ 540, ಒಟ್ಟು ಎಷ್ಟು ಅಂತ ಕೇಳಿದ್ದೆ. "ಅಪ್ಪಾ, ಇದು ಪ್ಲಸ್ಸಾ, ಇಂಟೂನಾ?" ಅಂದಳು. ಇಂಟೂ ಅಂದ ತಕ್ಷಣ 24,840 ಅಂತ ಸರಿಯಾಗಿ ಬರೆದಳು. ಮಗ ನಾಲ್ಕಕ್ಕೆ ಬಂದಾಗ ಅದೇ ಲೆಕ್ಕ ಕೊಟ್ಟೆ. ಅವನು ಏನೂ ಕೇಳಲಿಲ್ಲ, ಗುಣಿಸಲು ಕೂತ. ಉತ್ತರ ಮಾತ್ರ ತಪ್ಪು, 24,480. ಯಾರು ಜಾಣರು ಅಂತ ಇವತ್ತಿಗೂ ನನಗೆ ತೀರ್ಮಾನ ಆಗಿಲ್ಲ. ಮಗಳು ಆಗ ಕೊರೊನಾ ರಜೆಯಿಂದ ಎದ್ದು ಬಂದಿದ್ದಳು, ಆ ರಿಯಾಯಿತಿಯನ್ನೂ ಕೊಡಬೇಕು.

ಆದರೆ ಐದು ವರ್ಷ ನೋಡಿದ ಮೇಲೆ ನನಗೆ ದೊಡ್ಡದಾಗಿ ಕಾಣುವುದು ಇಂಗ್ಲಿಷಲ್ಲ, ಟೀಚರ್‌ಗಳ ಲೆಕ್ಕ. ನಮ್ಮೂರ ಶಾಲೆಯಲ್ಲಿ ಐದು ಕ್ಲಾಸು, ಇಬ್ಬರು ಮೇಷ್ಟ್ರು. ಒಂದರಿಂದ ಮೂರು ನಲಿ-ಕಲಿ, ಅಂದರೆ ಆಡುತ್ತಾ ಒಟ್ಟಿಗೇ ಕಲಿಯುವ ಪದ್ಧತಿ, ಒಂದೇ ಕೋಣೆ. ಕಾರ್ಡು, ಕಲಿಕಾ ಏಣಿ, ಹಾಡು ಅಂತ ಮಕ್ಕಳು ಚೆನ್ನಾಗೇ ಕಲಿಯುತ್ತಾರೆ, ಮೇಡಂ ಇದ್ದ ದಿನ. ತರಬೇತಿ, ಮತದಾರರ ಪಟ್ಟಿ, ಯಾವುದೋ ಸಮೀಕ್ಷೆ ಅಂತ ಒಬ್ಬರು ಹೋದರೆ ಐದೂ ಕ್ಲಾಸು ಒಬ್ಬರ ತಲೆ ಮೇಲೆ. ಅವತ್ತು ಕಾಪಿ ಬರೆಯುವುದೇ ಪಾಠ.

ಇದೇನು ಸ್ವಾಮಿ ಅನ್ಯಾಯ ಅಂತ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸಭೆಯಲ್ಲಿ ಕೇಳಿದೆ. ಹೆಡ್ ಮೇಷ್ಟ್ರು ಸಮಾಧಾನವಾಗಿ ವಿವರಿಸಿದರು. ಶಿಕ್ಷಣ ಹಕ್ಕು ಕಾಯ್ದೆ ಎಣಿಸುವುದು ತಲೆಗಳನ್ನು, ಕ್ಲಾಸುಗಳನ್ನಲ್ಲ. ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61 ದಾಟಿದರೆ ಮೂವರು. ನಮ್ಮಲ್ಲಿ ಇದ್ದದ್ದು 34. ಮೊದಲು ಮೂರನೆಯವರೊಬ್ಬರು ಇದ್ದರಂತೆ. ಮಕ್ಕಳು ಕಮ್ಮಿಯಾದ ಮೇಲೆ "ಹೆಚ್ಚುವರಿ" ಅಂತ ಬೇರೆ ಊರಿಗೆ ಕಳಿಸಿದರು. ಬೆಳಿಗ್ಗೆ ಏಳೂವರೆಗೆ ನಮ್ಮೂರಿಂದ ಮೂರು ವ್ಯಾನು ತುಂಬಿ ಹೋಗುತ್ತವೆ. ಅದರಲ್ಲೊಂದರಲ್ಲಿ ನನ್ನ ಮಗಳೂ ಇದ್ದಳಲ್ಲ! ಸಭೆಯಲ್ಲಿ ಮುಂದೆ ಏನೂ ಮಾತಾಡಲಿಲ್ಲ ನಾನು.

ಕಾನ್ವೆಂಟಿನಲ್ಲಿ ಕ್ಲಾಸಿಗೊಬ್ಬ ಮಿಸ್ ಇದ್ದೇ ಇರುತ್ತಾರೆ. ಅದು ನಿಜವಾದ ಅನುಕೂಲ. ಆದರೆ ಇವತ್ತಿದ್ದ ಮಿಸ್ ಮುಂದಿನ ತಿಂಗಳು ಇರುವುದಿಲ್ಲ. ಆರನೇ ಕ್ಲಾಸಿನಲ್ಲಿ ಗಣಿತಕ್ಕೆ ಒಂದೇ ವರ್ಷ ಮೂವರು ಬದಲಾದರು. ಸಂಬಳ ಅಷ್ಟು ಕಮ್ಮಿ ಕೊಟ್ಟರೆ ಯಾರು ನಿಲ್ಲುತ್ತಾರೆ? ಇನ್ನು ಆ ಪ್ರಾಜೆಕ್ಟುಗಳು. ರಾತ್ರಿ ಒಂಬತ್ತಕ್ಕೆ ಥರ್ಮಕೋಲ್ ಹುಡುಕಿಕೊಂಡು ಪೇಟೆಗೆ ಹೋಗಿದ್ದೇನೆ, ಅತ್ತ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಗೆ ನಾವು ಜ್ವರ ಅನ್ನುತ್ತೇವೆ) ಎದ್ದು ಸೊಪ್ಪಿಗೆ ಕಾಯುತ್ತಿದ್ದವು. ಜ್ವಾಲಾಮುಖಿ ಮಾಡಿದ್ದು ನನ್ನ ಹೆಂಡತಿ, ಸ್ಟಾರ್ ಸಿಕ್ಕಿದ್ದು ಮಗಳಿಗೆ.

ಸರ್ಕಾರಿ ಶಾಲೆಯ ಶೌಚಾಲಯದ ಬಗ್ಗೆ ಬರೆಯದೆ ಇದ್ದರೆ ಹೆಂಡತಿ ಬಿಡುವುದಿಲ್ಲ. ಕಟ್ಟಡ ಇದೆ, ನೀರಿಲ್ಲ. ಹುಡುಗ ಹೇಗೋ ಐದು ವರ್ಷ ಕಳೆದ. ಮಗಳಾಗಿದ್ದರೆ ಎರಡನೇ ವರ್ಷವೇ ಬಿಡಿಸುತ್ತಿದ್ದೆವು.

ಮಗಳನ್ನು ಏಳು ಮುಗಿದ ಮೇಲೆ ಪೇಟೆಯ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದೆವು. ಅಲ್ಲಿ ವಿಷಯಕ್ಕೊಬ್ಬರು ಮೇಷ್ಟ್ರಿದ್ದಾರೆ. ಹಳೇ ಸ್ಕೂಲಿನವರು ಬಾಕಿ 6,000 ಕಟ್ಟುವ ತನಕ ಟಿಸಿ ಇಲ್ಲ ಅಂದರು. ಹೈಸ್ಕೂಲಿನವರು ಸೇರಿಸಿಕೊಂಡೇ ಬಿಟ್ಟರು. ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು ಅಂತ ಮಗುವನ್ನು ವಾಪಸು ಕಳಿಸುವ ಹಾಗಿಲ್ಲ, ಅದೂ ಅದೇ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಬಾಕಿ ನನ್ನದೇ, ಮುಂದಿನ ಗೂಡು ಮಾರಿ ಕಟ್ಟಿದೆ. ಎಂಟರಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆದಿದ್ದಾಳೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕೆ 12,000. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಕಾನ್ವೆಂಟಿನಲ್ಲೇ ಇದ್ದಿದ್ದರೆ ಬರೆಯುವ ಹಾಗೇ ಇರಲಿಲ್ಲ.

ಈಗ ಮಗನ ಸರದಿ. ಊರಿನ ಶಾಲೆ ಐದಕ್ಕೇ ಮುಗಿಯುತ್ತದೆ. ಎರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ ಇದೆ. ಹತ್ತೂ ವರ್ಷ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮಕ್ಕೆ ಶೇ 5. ಪೇಟೆಯ ಕಾನ್ವೆಂಟಿಗೆ ಹಾಕಿದರೆ ಎರಡೂ ಹೋಯಿತು. ಮಗಳದು ಹಾಗೇ ಹೋಯಿತು, ಎಲ್‌ಕೆಜಿಗೆ ಸೇರಿಸುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ?

ನಾನು ಆ ಹಳ್ಳಿಯ ಶಾಲೆಗೆ ಹೋಗಿ ನೋಡಿ ಬಂದೆ. 130 ಮಕ್ಕಳು, ಐವರು ಮೇಷ್ಟ್ರು, ಶೌಚಾಲಯದಲ್ಲಿ ನೀರು ಬರುತ್ತಿತ್ತು. ನಲ್ಲಿ ತಿರುಗಿಸಿಯೇ ನೋಡಿದೆ. ಹೆಂಡತಿ ಮಾತ್ರ ಕಾನ್ವೆಂಟಿನ ಅರ್ಜಿ ತಂದು ಫ್ರಿಜ್ ಮೇಲೆ ಇಟ್ಟಿದ್ದಾಳೆ. ಹುಡುಗ ಗೋಡೆ ಹಿಂದೆ ಅವಿತುಕೊಳ್ಳುವುದು ಬಿಡಬೇಕು ಅನ್ನುವುದು ಅವಳ ವಾದ. ಹುಳು ಈಗ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಏರಿವೆ. ಗೂಡು ಬಿಡಿಸುವ ತನಕ ಇಬ್ಬರೂ ಆ ಮಾತು ಎತ್ತುವುದಿಲ್ಲ ಅಂತ ಒಪ್ಪಿಕೊಂಡಿದ್ದೇವೆ.