ಹದಿಮೂರು ರೂಪಾಯಿ ಬಾಕಿದಾರನ ಮನೆ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಲೆಡ್ಜರ್ ತಿರುವಿದವನಿಗೆ ಎಲ್ಲಿಗೆ ಹೋದರೂ ಕಣ್ಣು ಬೀಳುವುದು ಬಾಕಿಯ ಮೇಲೆಯೇ. ಹಿಂದೊಮ್ಮೆ ಸ್ನೇಹಿತರೊಬ್ಬರ ಜೊತೆ ಬೆಂಗಳೂರು ಕ್ಲಬ್ಬಿಗೆ ಊಟಕ್ಕೆ ಹೋದಾಗ ಅಲ್ಲಿನ ಹಳೆಯ ಲೆಡ್ಜರನ್ನು ನೋಡಿದ್ದೆ. 1899ರ ಜೂನ್ 1ರ ಬರಹ, ವಸೂಲಾಗದ ಬಾಕಿಗಳ ಪಟ್ಟಿ. ಅದರಲ್ಲಿ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್, 13 ರೂಪಾಯಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅದೇ ವಿನ್‌ಸ್ಟನ್ ಚರ್ಚಿಲ್. ಈ ಬೇಸಿಗೆಯಲ್ಲಿ ಲಂಡನ್ನಿನ ಕ್ರಾಯ್ಡನ್‌ನಲ್ಲಿರುವ ಮಗಳ ಮನೆಗೆ ಹೋದವನು ಆ ಬಾಕಿದಾರನ ಮನೆಯನ್ನೂ ನೋಡಿಬಂದೆ.

ಮನೆಯ ಹೆಸರು ಚಾರ್ಟ್‌ವೆಲ್. ಕೆಂಟ್ ಪ್ರಾಂತ್ಯದ ವೆಸ್ಟರ್‌ಹ್ಯಾಮ್ ಎಂಬ ಊರಿನ ಪಕ್ಕದ ಗುಡ್ಡದ ಮೇಲಿದೆ. ಈಗ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನವರು ನೋಡಿಕೊಳ್ಳುತ್ತಾರೆ. ಟಿಕೆಟ್ಟಿನ ದರವನ್ನು ರೂಪಾಯಿಗೆ ಪರಿವರ್ತಿಸಬೇಡಿ ಎಂದು ಮಗಳು ಮೊದಲೇ ತಾಕೀತು ಮಾಡಿದ್ದಳು. ಮಾಡಿದೆ. ಮಾಡಬಾರದಿತ್ತು. ಮನೆಯೊಳಗೆ ಹೋಗಲು ಗೊತ್ತಾದ ಸಮಯದ ಚೀಟಿ ಕೊಡುತ್ತಾರೆ, ಆದ್ದರಿಂದ ನೂಕುನುಗ್ಗಲಿಲ್ಲ. ತೋಟ ಮಾತ್ರ ಇಳಿಜಾರಿನಲ್ಲಿದೆ. ಮಂಡಿ ನೋವಿನವರು ಕೆರೆಯವರೆಗೆ ಇಳಿಯುವ ಮುಂಚೆ ಮತ್ತೆ ಹತ್ತಬೇಕು ಎಂಬುದನ್ನು ನೆನೆಯುವುದು ಒಳ್ಳೆಯದು.

ಈ ಮನೆಯನ್ನು ಚರ್ಚಿಲ್ 1922ರಲ್ಲಿ 5,000 ಪೌಂಡಿಗೆ ಕೊಂಡದ್ದು, ಅದೂ ಹೆಂಡತಿಯ ಒಪ್ಪಿಗೆ ಕೇಳದೆ. ಕೊಂಡದ್ದಕ್ಕಿಂತ ರಿಪೇರಿಗೇ ಹೆಚ್ಚು ಖರ್ಚಾಯಿತು. ನಾನು ಮ್ಯಾನೇಜರ್ ಆಗಿದ್ದರೆ ಈ ಅರ್ಜಿಗೆ ಖಂಡಿತ ಸಾಲ ಮಂಜೂರು ಮಾಡುತ್ತಿರಲಿಲ್ಲ. ಅರ್ಜಿದಾರನ ಚರಿತ್ರೆಯನ್ನಾದರೂ ನೋಡಿ: 1900ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಗೆದ್ದು ಸಂಸತ್ತು ಸೇರಿದ, 1904ರಲ್ಲಿ ಲಿಬರಲ್ ಪಾಳಯಕ್ಕೆ ಹಾರಿದ, 1924ರಲ್ಲಿ ಹಳೆಯ ಗೂಡಿಗೆ ಮರಳುತ್ತಲೇ ಹಣಕಾಸು ಮಂತ್ರಿಯಾದ. ನಮ್ಮ ಕಡೆಯ ಪಕ್ಷಾಂತರಿಗಳು ಈತನ ಫೋಟೋಗೆ ಹಾರ ಹಾಕಬಹುದು. ದೇಶದ ಬೊಕ್ಕಸ ನೋಡಿಕೊಳ್ಳುತ್ತಿದ್ದ ಐದು ವರ್ಷವೂ ಸ್ವಂತ ಮನೆಯ ಲೆಕ್ಕ ತೂತು ಮಡಕೆಯೇ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಇವನ ಹಣವೂ ಮುಳುಗಿತು. 1938ರಲ್ಲಿ ಈ ಮನೆಯನ್ನೇ ಮಾರಾಟಕ್ಕಿಟ್ಟಿದ್ದ. ಹೆನ್ರಿ ಸ್ಟ್ರಾಕೋಶ್ ಎಂಬ ಶ್ರೀಮಂತ ಸಾಲವನ್ನು ತನ್ನ ಮೇಲೆ ಹಾಕಿಕೊಂಡದ್ದರಿಂದ ಮನೆ ಉಳಿಯಿತು. ಯುದ್ಧ ಗೆದ್ದು, 1945ರ ಚುನಾವಣೆ ಸೋತ ಮೇಲೆ ಮತ್ತೆ ಅದೇ ಪಾಡು. ಆಗ ಲಾರ್ಡ್ ಕ್ಯಾಮ್ರೋಸ್ ಮತ್ತು ಸ್ನೇಹಿತರು ಹಣ ಕೂಡಿಸಿ ಮನೆ ಕೊಂಡು ಟ್ರಸ್ಟಿಗೆ ಕೊಟ್ಟರು. ಇರುವಷ್ಟು ದಿನ ಮನೆ ಇವನದೇ. ಇಂಥ ಜಾಮೀನುದಾರರು ಎಲ್ಲರಿಗೂ ಸಿಗುವುದಿಲ್ಲ.

ನನಗೆ ಹಿಡಿಸಿದ್ದು ತರಕಾರಿ ತೋಟದ ಇಟ್ಟಿಗೆ ಗೋಡೆ. ಬಹುಪಾಲು ಚರ್ಚಿಲ್ ತಾನೇ ಕಟ್ಟಿದ್ದು. ಮಂತ್ರಿಯಾಗಿದ್ದಾಗಲೇ, 1928ರಲ್ಲಿ, ಗಾರೆ ಕೆಲಸದವರ ಸಂಘಕ್ಕೂ ಸೇರಿದ್ದ. ದಿನಕ್ಕೆ 200 ಇಟ್ಟಿಗೆ, 2,000 ಪದ ಎಂದು ಪ್ರಧಾನಿ ಬಾಲ್ಡ್ವಿನ್‌ಗೆ ಪತ್ರ ಬರೆದು ಕೊಚ್ಚಿಕೊಂಡಿದ್ದ. ಮೊಮ್ಮಗ ಗೋಡೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದ. 200 ಮುಟ್ಟಿದಾಗ ಆಗಿದ್ದು ಎರಡು ಮಾರು ಅಗಲ, ಸೊಂಟದ ಮಟ್ಟ. "ಇಷ್ಟೇನಾ ತಾತ?" ಎಂದ. ಮೇಸ್ತ್ರಿಯಾದರೆ ಅರ್ಧ ದಿನದಲ್ಲಿ ಮುಗಿಸುತ್ತಿದ್ದ, ಆದರೆ ಮೇಸ್ತ್ರಿ ಸಂಜೆ ಕೂತು 2,000 ಪದ ಬರೆಯುವುದಿಲ್ಲ ಎಂದೆ. ಆ ಬರವಣಿಗೆಯೇ ಮನೆಯ ಒಲೆ ಉರಿಸಿದ್ದು. 1953ರಲ್ಲಿ ಸಾಹಿತ್ಯದ ನೊಬೆಲ್ ತಂದದ್ದೂ ಅದೇ. ಗಿಬ್ಬನ್, ಮೆಕಾಲೆಯರನ್ನು ಓದಿ ಆ ಕೈ ಪಳಗಿದ್ದು ಬೆಂಗಳೂರಿನ ದಂಡಿನಲ್ಲಿ, 1896ರ ನಂತರದ ಬಿಡುವಿನ ಮಧ್ಯಾಹ್ನಗಳಲ್ಲಿ.

ಊಟದ ಕೋಣೆ ಚೆಂದವಿದೆ, ಕಿಟಕಿಯಾಚೆ ಕಣ್ಣು ಹಾಯುವಷ್ಟು ಹಸಿರು. ಕುರ್ಚಿಗಳು ಹೇಗಿರಬೇಕೆಂದು ಚರ್ಚಿಲ್ ಒಂದು ಟಿಪ್ಪಣಿಯನ್ನೇ ಬರೆದಿದ್ದನಂತೆ: ಆರಾಮವಾಗಿರಬೇಕು, ಕೈ ಇರಲೇಬೇಕು, ಹೆಚ್ಚು ಜಾಗ ಹಿಡಿಯಬಾರದು. ಅದನ್ನು ಕೇಳಿಸಿಕೊಳ್ಳುತ್ತಾ ನಿಂತಿದ್ದಾಗ ನನಗೆ ಬಂಗಾಳದ ಮೇದಿನಿಪುರ ನೆನಪಾಯಿತು. 1981ರಲ್ಲಿ ನನ್ನನ್ನು ಅಲ್ಲಿನ ಶಾಖೆಗೆ ಹಾಕಿದ್ದರು. ಪಿಂಚಣಿಗೆ ಬರುತ್ತಿದ್ದ ಮುದುಕರೊಬ್ಬರು 1943ರ ಬರಗಾಲದ ಮಾತು ಬಂದರೆ ಎರಡೇ ಪದ ಹೇಳುತ್ತಿದ್ದರು, "ಫ್ಯಾನ್ ದಾವ್". ಅನ್ನ ಬೇಡಿದರೆ ಯಾರೂ ಕೊಡುವುದಿಲ್ಲವೆಂದು ಗೊತ್ತಾಗಿ, ಬಸಿದ ಗಂಜಿಯನ್ನಾದರೂ ಕೊಡಿ ಎಂದು ಜನ ಬಾಗಿಲಿಂದ ಬಾಗಿಲಿಗೆ ಕೂಗುತ್ತಿದ್ದ ಕೂಗು ಅದು. ಸತ್ತವರು ಸುಮಾರು 30 ಲಕ್ಷ ಎಂದು ಅಂದಾಜು. ಧಾನ್ಯ ಕಳಿಸಿ ಎಂದು ದೆಹಲಿಯಿಂದ ವೈಸರಾಯ್ ವೇವೆಲ್, ಲಂಡನ್ನಿನಲ್ಲೇ ಭಾರತ ಮಂತ್ರಿ ಅಮೇರಿ ಬೇಡಿದರೂ ಚರ್ಚಿಲ್‌ನ ಸಂಪುಟ ಹಡಗಿಲ್ಲವೆಂದು ಕೈ ಬಿಗಿಹಿಡಿಯಿತು. ಮಗಳು ಹಿಂದಿನಿಂದ ಬಂದು "ಅಪ್ಪ, ಹಿಂದೆ ಜನ ಕಾಯುತ್ತಿದ್ದಾರೆ" ಎಂದಾಗಲೇ ಆ ಕೋಣೆ ಬಿಟ್ಟೆ.

ಕೋಣೆಗಳಲ್ಲಿ ನಿಂತು ವಿವರಿಸುವ ಸ್ವಯಂಸೇವಕರಿಗೆ ಪೂರ್ತಿ ಅಂಕ. ನನ್ನ ವಯಸ್ಸಿನವರೇ, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸುತ್ತಾರೆ. ಒಬ್ಬ ಹೆಂಗಸಿಗೆ 13 ರೂಪಾಯಿಯ ಕಥೆ ಹೇಳಿದೆ. ಅವರು ನಕ್ಕು, ವೈನ್ ವ್ಯಾಪಾರಿಗಳೂ ನಿಮ್ಮ ಹಾಗೆಯೇ ಕಾದಿದ್ದರು ಎಂದರು. ಆಮೇಲೆ, ಬಡ್ಡಿ ಸೇರಿ ಈಗ ಎಷ್ಟಾಗಿರಬಹುದು ಎಂದು ಕೇಳಿದರು. ನನಗೆ ತಕ್ಷಣ ಹೇಳಲು ಆಗಲಿಲ್ಲ. ಕ್ಯಾಷಿಯರನಿಗೆ ಅವಮಾನ.

ಚಿತ್ರಶಾಲೆಯನ್ನು ತಪ್ಪಿಸಬೇಡಿ, ಗೋಡೆ ತುಂಬ ಆತನೇ ಬಿಡಿಸಿದ ಚಿತ್ರಗಳು. ಗುಲಾಬಿ ತೋಟಕ್ಕೆ ಅರ್ಧ ಗಂಟೆ ಸಾಕು. ಕ್ಯಾಂಟೀನಿನ ಚಹಾ ಪರವಾಗಿಲ್ಲ, ಆದರೆ ಬುತ್ತಿ ಕಟ್ಟಿಕೊಂಡು ಹೋಗಿ. ನಾವು ಪುಳಿಯೋಗರೆಯನ್ನು ಹುಲ್ಲಿನ ಮೇಲೆ ಕೂತು ತಿಂದೆವು.

ವಾಪಸು ಬರುವಾಗ ಕಾರಿನಲ್ಲಿ ಲೆಕ್ಕ ಹಾಕಿದೆ. 126 ವರ್ಷ, ಶೇಕಡಾ 6. ಸರಳ ಬಡ್ಡಿಯಾದರೆ 111 ರೂಪಾಯಿ 28 ಪೈಸೆ, ಚಕ್ರಬಡ್ಡಿಯಾದರೆ ಹತ್ತಿರ ಹತ್ತಿರ 20,000.

"ನೀವು ಯಾವುದು ಹಾಕುತ್ತೀರಿ ತಾತ?" ಎಂದು ಮೊಮ್ಮಗ ಕೇಳಿದ.

ಚಕ್ರಬಡ್ಡಿ ಎಂದೆ.