ಡಿ ಅಂಡ್ ಡಿ ಸ್ಟಾರ್ಟರ್ ಸೆಟ್ (2014): ಮೊದಲ ಗುಹೆಯ ಕಾಳಗಗಳು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಮುಂದುವರಿಸುವ ಆಟ. ಹೊಸಬರಿಗಾಗಿ ಬಂದ ಅದರ ಈ ನೀಲಿ ಡಬ್ಬ ನನಗೆ ಸೆಕೆಂಡ್ ಹ್ಯಾಂಡ್ ಆಗಿ ಸಿಕ್ಕಿತು. ಒಳಗೆ 32 ಪುಟದ ನಿಯಮಗಳ ಪುಸ್ತಕ, 64 ಪುಟದ ಸಾಹಸದ ಪುಸ್ತಕ, ಮೊದಲೇ ಬರೆದಿಟ್ಟ ಐದು ಪಾತ್ರಗಳು, ಆರು ದಾಳ. ಗೊಂಬೆಗಳಿಲ್ಲ. ಮೇಜಿನ ಮೇಲೆ ಹಾಸುವ ನಕ್ಷೆಯೂ ಇಲ್ಲ. ಚಾರ್ಟ್ ಪೇಪರ್ ಮೇಲೆ ನಾನೇ ಒಂದಿಂಚಿನ ಚೌಕಗಳನ್ನು ಎಳೆದೆ. ಮಕ್ಕಳ ಪಾತ್ರಗಳಿಗೆ ಚೌಕಾಬಾರದ ಕಾಯಿ, ಗಾಬ್ಲಿನ್‌ಗಳಿಗೆ (ಕಥೆಯಲ್ಲಿ ಎದುರಾಗುವ ಕುಳ್ಳ ರಾಕ್ಷಸರು) ಹುಣಸೆಬೀಜ.

ಆಡುವವರು ನಾಲ್ವರು. ಅಕ್ಕನ ಮಗಳು, ಅವಳ ಮೂವರು ಗೆಳತಿಯರು. ಎಲ್ಲರೂ ಒಂಬತ್ತನೇ ಕ್ಲಾಸು. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ಕೂರುತ್ತೇವೆ. ಡಿಎಂ, ಅಂದರೆ ಕಥೆ ನಡೆಸಿ ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್, ನಾನು. ಅದಕ್ಕೇ ಇಡೀ ಡಬ್ಬದ ಬಗ್ಗೆ ಬರೆಯದೆ, ಡಿಎಂಗೆ ಜಾಸ್ತಿ ಕೆಲಸಕ್ಕೆ ಬರುವ ಒಂದು ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ. ಅದು ಕ್ರ್ಯಾಗ್‌ಮಾ ಗುಹೆ, ಅಲ್ಲಿನ ಹೊಡೆದಾಟಗಳು. ನೀವು ಮುಂದೆ ಆಟಗಾರರಾಗಿ ಇದನ್ನು ಆಡುವವರಿದ್ದರೆ ಇಲ್ಲಿಗೇ ನಿಲ್ಲಿಸಿ.

ಕಥೆ ರಸ್ತೆಯಲ್ಲಿ ಶುರುವಾಗುತ್ತದೆ. ಎರಡು ಸತ್ತ ಕುದುರೆಗಳು, ಪೊದೆಯಲ್ಲಿ ನಾಲ್ಕು ಗಾಬ್ಲಿನ್. ನೋಡಲು ಸಣ್ಣ ಜಗಳ. ನಾನು ಹಾಗೇ ಅಂದುಕೊಂಡೆ. ಗಾಬ್ಲಿನ್‌ಗೆ ಒಂದು ಗುಣವಿದೆ: ಬಾಣ ಬಿಟ್ಟು ಅದೇ ಸರದಿಯಲ್ಲಿ ಮತ್ತೆ ಅಡಗಬಹುದು. ನಾನು ನಾಲ್ಕನ್ನೂ ಹಾಗೇ ಆಡಿಸಿದೆ. ಮೂರನೇ ಸುತ್ತಿಗೆ ಇಬ್ಬರು ಹುಡುಗಿಯರ ಪಾತ್ರಗಳು ನೆಲಕ್ಕೆ ಬಿದ್ದಿದ್ದವು. ಮೊದಲ ದಿನ, ಮೊದಲ ಹೊಡೆದಾಟ. ಅಕ್ಕನ ಮಗಳು ತನ್ನ ಹಾಳೆಯನ್ನೇ ನೋಡುತ್ತಾ ಕೂತಿದ್ದಳು. "ಚಿಕ್ಕಿ, ನಾವೇನು ತಪ್ಪು ಮಾಡಿದ್ವಿ?" ಅಂದಳು. ಅವರು ಏನೂ ತಪ್ಪು ಮಾಡಿರಲಿಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ಸ್ಟಾರ್ಟರ್ ಸೆಟ್ ಬಂದದ್ದು 2014ರ ಜುಲೈನಲ್ಲಿ. ಕಾಳಗದ ಕಷ್ಟವನ್ನು ಅಳೆಯುವ ಲೆಕ್ಕ ಇದರಲ್ಲಿಲ್ಲ. ಅದು ಇರುವುದು ಅದೇ ವರ್ಷದ ಕೊನೆಗೆ ಬಂದ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅಂಕ), ನಾಲ್ಕಕ್ಕೆ 200. ಶತ್ರುಗಳು ಮೂರರಿಂದ ಆರು ಇದ್ದರೆ ಎರಡರಿಂದ ಗುಣಿಸಬೇಕು. ಆಯ್ತು, 400. ಲೆವೆಲ್ ಒಂದರ, ಅಂದರೆ ಆಗಷ್ಟೇ ಶುರುಮಾಡಿದ ಪಾತ್ರಕ್ಕೆ 'ಡೆಡ್ಲಿ' (ಪಾತ್ರ ಸಾಯಬಹುದಾದಷ್ಟು ಕಷ್ಟ) ಗಡಿ ತಲಾ 100. ನಾಲ್ವರಿಗೆ ಸರಿಯಾಗಿ 400! ಐವರಿದ್ದರೆ ಗಡಿ 500 ಆಗುತ್ತದೆ, ಇದೇ ಹೊಡೆದಾಟ ಒಂದು ಮೆಟ್ಟಿಲು ಕೆಳಗೆ 'ಹಾರ್ಡ್'ಗೆ ಇಳಿಯುತ್ತದೆ. ಡಬ್ಬದಲ್ಲಿ ಐದು ಪಾತ್ರಗಳಿವೆ, ನಮ್ಮಲ್ಲಿ ಆಡುವವರು ನಾಲ್ವರು. ಆ ಒಬ್ಬರ ವ್ಯತ್ಯಾಸ ಇಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ.

2024ರ ಹೊಸ ಗೈಡ್ ಈ ಗುಣಾಕಾರವನ್ನು ತೆಗೆದುಹಾಕಿದೆ. ಅಲ್ಲಿ ನಾಲ್ವರಿಗೆ 200 ಎಕ್ಸ್‌ಪಿ ಅಂದರೆ 'ಲೋ', ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಲೆಕ್ಕ ಸುಲಭವಾಯಿತು, ನಿಜ. ಆದರೆ ಲೆವೆಲ್ ಒಂದರಲ್ಲಿ ನಾನು ಹಳೆಯ ಲೆಕ್ಕವನ್ನೇ ನಂಬುತ್ತೇನೆ. ನಾಲ್ಕು ಶತ್ರುಗಳೆಂದರೆ ಸುತ್ತಿಗೆ ನಾಲ್ಕು ಬಾಣ. ತಗುಲಿದ ಒಂದೊಂದಕ್ಕೂ ಸರಾಸರಿ 5 ಎಚ್‌ಪಿ (ಪಾತ್ರದ ಜೀವದ ಅಂಕ) ಹೋಗುತ್ತದೆ. ನಮ್ಮ ಮಾಂತ್ರಿಕೆಯ ಹತ್ತಿರ ಇರುವುದೇ 8.

ಆಮೇಲೆ ಸಾಹಸದ ಪುಸ್ತಕವನ್ನು ಮತ್ತೆ ನಿಧಾನವಾಗಿ ಓದಿದೆ. ಅವಸರದಲ್ಲಿ ನಾನು ಬಿಟ್ಟಿದ್ದೆಲ್ಲಾ ಅಲ್ಲೇ ಇತ್ತು. ಎರಡು ಗಾಬ್ಲಿನ್ ಮಾತ್ರ ಹಿಂದೆ ನಿಂತು ಬಾಣ ಬಿಡಬೇಕು, ಇನ್ನೆರಡು ನುಗ್ಗಬೇಕು. ಮೂರು ಸತ್ತರೆ ನಾಲ್ಕನೆಯದು ಓಡಿಹೋಗುತ್ತದೆ. ಆಟಗಾರರು ಸೋತರೂ ಗಾಬ್ಲಿನ್‌ಗಳು ಕೊಲ್ಲುವುದಿಲ್ಲ, ದೋಚಿಕೊಂಡು ಹೋಗುತ್ತವೆ. ಅಂದರೆ ಸೋಲಿನ ಆಚೆಗೂ ಕಥೆಗೆ ದಾರಿ ಇದೆ. ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಈ ಗಾಬ್ಲಿನ್‌ಗಳ ಕ್ರ್ಯಾಗ್‌ಮಾ ಗುಹೆಯೊಳಗೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಾಗಿಲ ಹತ್ತಿರವೇ ಸರಪಳಿ ಹಾಕಿದ ಮೂರು ತೋಳಗಳು. ಲೆಕ್ಕದಲ್ಲಿ 'ಹಾರ್ಡ್'. ಆದರೆ ಊಟ ಕೊಟ್ಟರೆ ಅವನ್ನು ಸಮಾಧಾನ ಮಾಡುವುದು ಸುಲಭ. ನಮ್ಮ ಹುಡುಗಿಯರು ಚೀಲದಲ್ಲಿದ್ದ ತಿಂಡಿಯನ್ನೆಲ್ಲಾ ಸುರಿದರು. ಒಂದು ಏಟೂ ಬೀಳಲಿಲ್ಲ. ಮುಂದೆ ತಲೆಯ ಮೇಲೊಂದು ಸೇತುವೆ, ಅದರ ಮೇಲೆ ಕಾವಲಿಗೆ ಒಂದೇ ಗಾಬ್ಲಿನ್. ಅದು ಸನ್ನೆ ಮಾಡಿದರೆ ಒಳಗಿನವರು ಕೊಳದ ಕಟ್ಟೆ ಒಡೆದು ನೀರು ಬಿಡುತ್ತಾರೆ. 50 ಎಕ್ಸ್‌ಪಿಯ ಒಂದು ಗಾಬ್ಲಿನ್, ನಿಂತ ಜಾಗದಿಂದಾಗಿ ಅಷ್ಟು ಅಪಾಯಕಾರಿ. "ಅವನಿಗೆ ನಾವು ಬಂದಿರೋದು ಗೊತ್ತಾಯ್ತಾ ಚಿಕ್ಕಿ?" ಅಂತ ಪಿಸುಮಾತಿನಲ್ಲಿ ಕೇಳಿದರು. ಮನೆಯಲ್ಲಿ ಯಾರೂ ಮಲಗಿರಲಿಲ್ಲ, ಆದರೂ ಪಿಸುಗುಟ್ಟುತ್ತಿದ್ದರು.

ಆರು ಗಾಬ್ಲಿನ್‌ಗಳ ಕೋಣೆ ಲೆಕ್ಕದಲ್ಲಿ 600. ನಾಲ್ವರಿಗೆ ಬಹಳ ಜಾಸ್ತಿ. ಆದರೆ ಅಲ್ಲಿನ ಮುಖಂಡ ಯೀಮಿಕ್‌ಗೆ ತನ್ನ ಯಜಮಾನ ಕ್ಲಾರ್ಗ್ ಸಾಯಬೇಕು, ತಾನು ಆ ಜಾಗಕ್ಕೆ ಬರಬೇಕು. ಸೆರೆಯಾಳನ್ನು ಮುಂದಿಟ್ಟುಕೊಂಡು ಚೌಕಾಸಿಗೆ ಇಳಿಯುತ್ತಾನೆ. ಹುಡುಗಿಯರು ಇಪ್ಪತ್ತು ನಿಮಿಷ ಮಾತಾಡಿದರು, ದಾಳ ಮುಟ್ಟಲೇ ಇಲ್ಲ. ಆ ಭಾನುವಾರದ ಅತ್ಯುತ್ತಮ ಭಾಗ ಅದೇ.

ಒಂದು ಕಡೆ ಮಾತ್ರ ನಾನು ಕೈ ಹಾಕಿ ಬದಲಾಯಿಸಿದೆ. ಕೊನೆಯ ಕೋಣೆಯಲ್ಲಿ ಬಗ್‌ಬೇರ್ (ಗಾಬ್ಲಿನ್‌ಗಿಂತ ದೊಡ್ಡ, ರೋಮದ ರಾಕ್ಷಸ) ಕ್ಲಾರ್ಗ್ ಜೊತೆ ಅವನ ತೋಳ, ಎರಡು ಗಾಬ್ಲಿನ್. 350, ಗುಣಿಸಿದರೆ 700. ಐವರಿದ್ದರೂ ಇದು ಡೆಡ್ಲಿ ದಾಟುತ್ತದೆ. ಕ್ಲಾರ್ಗ್‌ನ ಒಂದೇ ಏಟು ಸರಾಸರಿ 11. ಹೊಸ ಡಿಎಂಗೆ ಇಲ್ಲಿ ಪಕ್ಕದಲ್ಲಿ ಎರಡು ಸಾಲಿನ ಎಚ್ಚರಿಕೆ ಇರಬೇಕಿತ್ತು, ಇದು ನನ್ನ ದೃಢ ಅಭಿಪ್ರಾಯ. ನಾನು ಗಾಬ್ಲಿನ್‌ಗಳನ್ನು ತೆಗೆಯಲಿಲ್ಲ. ಕೋಣೆಯ ಆ ತುದಿಯಲ್ಲಿ ಕದ್ದ ಮೂಟೆಗಳನ್ನು ಜೋಡಿಸುತ್ತಿದ್ದಾರೆ ಅಂತ ಮಾಡಿ, ಮೂರನೇ ಸುತ್ತಿಗೆ ಹೊಡೆದಾಟಕ್ಕೆ ತಂದೆ. ಮೊದಲ ಎರಡು ಸುತ್ತು ಎದುರಿಗೆ ಇಬ್ಬರೇ. ಅಷ್ಟು ಸಾಕಾಯಿತು. ತೋಳ ಸತ್ತ ಕೂಡಲೇ, ಪುಸ್ತಕದಲ್ಲಿ ಇರುವಂತೆಯೇ, ಕ್ಲಾರ್ಗ್ ಬಂಡೆಯ ಬಿರುಕಿನಲ್ಲಿ ಇಳಿದು ಓಡಲು ನೋಡಿದ. ಆ ಬಿರುಕು ಇಳಿಯುವುದು ಅದೇ ತೋಳಗಳ ಗೂಡಿಗೆ. ಅಲ್ಲಿ ಹುಡುಗಿಯರಿಂದ ತಿಂಡಿ ತಿಂದ ಮೂರು ತೋಳಗಳು ಕಾಯುತ್ತಿದ್ದವು.

ಈ ಡಬ್ಬ ಹೊಸದಾಗಿ ಸಿಗುವುದು ಈಗ ಕಷ್ಟ. 2022ರಲ್ಲಿ ಬೇರೆ ಕಥೆಯ ಸ್ಟಾರ್ಟರ್ ಸೆಟ್ ಬಂತು. 2023ರ 'ಫ್ಯಾಂಡೆಲ್ವರ್ ಅಂಡ್ ಬಿಲೋ' ಪುಸ್ತಕದಲ್ಲಿ ಈ ಕಥೆಯನ್ನೇ ಮುಂದುವರಿಸಿದ್ದಾರೆ. ಹಳೆಯ ಡಬ್ಬ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ನಾಲ್ವರೇ ಆಡುವುದಾದರೆ ರಸ್ತೆಯ ಹೊಡೆದಾಟಕ್ಕೆ ಮೂರು ಗಾಬ್ಲಿನ್ ಇಡಿ.

ನಮ್ಮವರು ಈಗ ಫ್ಯಾಂಡಾಲಿನ್ ಊರಿನಲ್ಲಿದ್ದಾರೆ, ಲೆವೆಲ್ ಎರಡು. ಮುಂದಿನ ವಾರ ಆ ಊರಿನ ಪುಂಡರ ಗುಂಪು ರೆಡ್‌ಬ್ರ್ಯಾಂಡ್‌ಗಳ ಅಡಗುದಾಣ. ಅಲ್ಲಿ ನಾಥಿಕ್ ಎಂಬ ಒಂಟಿಕಣ್ಣಿನ ವಿಕಾರ ಜೀವಿ ಇದೆ, 450 ಎಕ್ಸ್‌ಪಿ. ಒಂದೇ ಆದ್ದರಿಂದ ಗುಣಾಕಾರ ಇಲ್ಲ, ನಾಲ್ವರಿಗೆ 'ಮೀಡಿಯಂ'. ಅದಕ್ಕೂ ಮಾತು ಬರುತ್ತದೆ, ಹಸಿವೂ ಇದೆ. ಹುಡುಗಿಯರು ಕತ್ತಿ ಎತ್ತುತ್ತಾರೋ ಚೀಲ ಬಿಚ್ಚುತ್ತಾರೋ, ಎರಡಕ್ಕೂ ಬರೆದಿಟ್ಟುಕೊಂಡಿದ್ದೇನೆ.