ಆರಡಿ–ಎಂಟಡಿಯ ಚೌಕಟ್ಟು: ಕಲಬುರಗಿಯ ಒಂದು ಬಡಿಗೆ ಅಂಗಡಿಯ ಕೆಲಸ

ಎಸ್. ಎಂ. ಪಂಡಿತರಂಥ ಚಿತ್ರಕಾರರು ಹುಟ್ಟಿದ ಊರಿನಲ್ಲಿ ದೊಡ್ಡ ಕ್ಯಾನ್ವಾಸಿಗೆ ಸಿದ್ಧ ಚೌಕಟ್ಟು ಹುಡುಕಿ ನಾನು ಎರಡು ತಿಂಗಳು ಅಲೆದೆ. ಎರಡು ಅಡಿ, ಮೂರು ಅಡಿಯವು ಸಿಗುತ್ತವೆ. ನನಗೆ ಬೇಕಾಗಿದ್ದುದು ಆರು ಅಡಿ ಎತ್ತರ, ಎಂಟು ಅಡಿ ಅಗಲದ್ದು. ಅದೂ ಮಾಳಿಗೆಯ ಕೋಣೆಗೆ ಹೋಗುವ ಇಕ್ಕಟ್ಟಾದ ಮೆಟ್ಟಿಲಲ್ಲಿ ಬಿಡಿಬಿಡಿಯಾಗಿ ಒಯ್ದು, ಮೇಲೆ ಜೋಡಿಸುವಂಥದ್ದು. ಕೊನೆಗೆ ಬಾಗಿಲು-ಕಿಟಕಿ ಮಾಡುವ ಒಂದು ಬಡಿಗೆ ಅಂಗಡಿಯವರು ಒಪ್ಪಿಕೊಂಡರು.

ಅವರ ಜೋಡಣೆಯ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ. ಮೂಲೆಗಳಿಗೆ ಅಂಟು ಬಳಸದೆ, ಒಂದು ಪಟ್ಟಿಯ ತುದಿ ಇನ್ನೊಂದರ ಕಚ್ಚಿನಲ್ಲಿ ಕೂರುವಂತೆ ಕೂರುಗಚ್ಚು ಮಾಡಿ, ಒಳಬದಿಯಲ್ಲಿ ಸಣ್ಣ ಮರದ ಬೆಣೆಗಳನ್ನು ಕೊಟ್ಟಿದ್ದಾರೆ. ಬಟ್ಟೆ ಸಡಿಲಾದಾಗ ಬೆಣೆಯನ್ನು ಮೆಲ್ಲಗೆ ತಟ್ಟಿದರೆ ಅದು ಮತ್ತೆ ಬಿಗಿಯಾಗುತ್ತದೆ. ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಪಟ್ಟಿ ಇರುವುದರಿಂದ ಬಿಗಿದ ಬಟ್ಟೆಯ ಎಳೆತಕ್ಕೆ ಅಂಚುಗಳು ಒಳಕ್ಕೆ ಬಾಗಿಲ್ಲ. ಮೂಲೆಮಟ್ಟವನ್ನು ಪರೀಕ್ಷಿಸುವುದೂ ಈ ಅಳತೆಯಲ್ಲಿ ಸುಲಭ: ಎರಡೂ ಕರ್ಣಗಳು ಸರಿಯಾಗಿ 10 ಅಡಿ ಬರಬೇಕು. ನನ್ನ ಮುಂದೆಯೇ ಟೇಪು ಹಿಡಿದು ತೋರಿಸಿದರು.

ಆದರೆ ಮೊದಲ ಸಲ ತಂದ ಮರ ಹಸಿಯಾಗಿತ್ತು. ಏಪ್ರಿಲ್ ಬಿಸಿಲಿಗೆ ಕೆಳಗಿನ ಪಟ್ಟಿ ತಿರುಚಿಕೊಂಡು, ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪ) ಬಳಿದಿದ್ದ ಕ್ಯಾನ್ವಾಸಿನ ಒಂದು ಮೂಲೆ ಗೋಡೆಯಿಂದ ಎದ್ದು ನಿಂತಿತು. ಮುಂಬದಿಯ ಒಳ ಅಂಚನ್ನು ಓರೆಯಾಗಿ ಕೆತ್ತಿರಲಿಲ್ಲ. ಹಾಗೆ ಕೆತ್ತದಿದ್ದರೆ ಕುಂಚ ಒತ್ತಿದಾಗ ಬಟ್ಟೆ ಮರಕ್ಕೆ ತಾಗಿ, ಚಿತ್ರದಲ್ಲಿ ಗೆರೆ ಮೂಡುತ್ತದೆ. ಬಾಗಿಲು ಮಾಡುವವರಿಗೆ ಇದರ ಅಗತ್ಯ ತಿಳಿಯದಿರುವುದು ಸಹಜವೇ, ಮೊದಲೇ ನಕ್ಷೆ ಬರೆದುಕೊಡಬೇಕಿತ್ತು. ಹೇಳಿದ ನಾಲ್ಕು ದಿನಗಳಲ್ಲಿ ಹೆಚ್ಚಿನ ಹಣ ಕೇಳದೆ ಎರಡನ್ನೂ ಸರಿಪಡಿಸಿದರು.

ಗೋಡೆಗೆ ನಿಲ್ಲಿಸಿದ ಎರಡು ಕಂಬಗಳೂ ಅವರದೇ. ಆರಾರು ಇಂಚಿಗೆ ರಂಧ್ರ ಕೊರೆದು ಗೂಟ ಕೊಟ್ಟಿರುವುದರಿಂದ ಕ್ಯಾನ್ವಾಸನ್ನು ಏರಿಸಿ ಇಳಿಸಬಹುದು. ಏಣಿಯ ಮೇಲೆ ನಿಂತು ಬರೆಯುವ ಕಷ್ಟ ತಪ್ಪಿತು. ಮೇಲ್ತುದಿ ತುಸು ಮುಂದಕ್ಕೆ ವಾಲುವಂತೆ ಮಾಡಿಸಿಕೊಂಡಿದ್ದೇನೆ, ಇದರಿಂದ ಹಸಿ ಬಣ್ಣದ ಮೇಲೆ ಧೂಳು ಕೂರುವುದೂ ಬೆಳಕು ಹೊಳೆಯುವುದೂ ಕಡಿಮೆ. ಷಹಾಬಾದ್ ಕಲ್ಲಿನ ನೆಲ ಏರುತಗ್ಗಾಗಿದ್ದ ಕಡೆ ಕಂಬದ ಬುಡಕ್ಕೆ ತೆಳು ಹಲಗೆ ಕೊಟ್ಟು ಮಟ್ಟ ಮಾಡಿದರು.

ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ತೆರನಾಗಿರುತ್ತದೆಂಬ ಮಾತು ಯುರೋಪಿನ ಸ್ಟುಡಿಯೊಗಳಿಂದ ಬಂದದ್ದು. ನಮ್ಮೂರು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ, ಬೇಸಿಗೆಯ ಬೆಳಗು-ಸಂಜೆಗಳಲ್ಲಿ ಓರೆಬಿಸಿಲು ಅದೇ ಕಿಟಕಿಯಿಂದ ಕ್ಯಾನ್ವಾಸಿನ ಮೇಲೆ ಬೀಳುತ್ತದೆ. ಇದಕ್ಕೆ ತೆಳು ಬಿಳಿ ಬಟ್ಟೆ ಬಿಗಿದ ಹಗುರ ಚೌಕಟ್ಟೊಂದನ್ನು ಮಾಡಿಕೊಟ್ಟರು, ಬೇಡವಾದಾಗ ತೆಗೆದಿಡಬಹುದು.

ಎರಡನೆಯ ಚೌಕಟ್ಟಿಗೆ ಮುಂಗಡ ಕೊಟ್ಟಾಗಿದೆ. ಈ ಸಲ ನಾನೇ ಅಂಗಡಿಗೆ ಹೋಗಿ, ಒಂದು ಬೇಸಿಗೆ ಕಳೆದು ಒಣಗಿದ ತೇಗದ ಪಟ್ಟಿಗಳನ್ನು ಆರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದೇನೆ.